ಕರಿ ಕೋಳಿಯ ಮುತ್ತು

ದಾವಣಗೆರೆಯ ಚೌಕಿಪೇಟೆಯಲ್ಲಿ ಚಿನ್ನದ ಅಂಗಡಿಗಳು ಹಲವಿದ್ದವು. ಮುತ್ತಿನ ವಿಷಯಕ್ಕೆ ಮಾತ್ರ ಜನ ವಾಮದೇವಪ್ಪನನ್ನು ಹುಡುಕಿಕೊಂಡು ಬರುತ್ತಿದ್ದರು. ಅದರಲ್ಲೂ ಬೇರೆ ಅಂಗಡಿಯವರು ನಕ್ಕು ಕಳಿಸಿದ ಗಿರಾಕಿಗಳು. ಲೋಕಿಕೆರೆಯ ರೈತನೊಬ್ಬನಿಗೆ ಮಗಳ ಸರಕ್ಕೆ ಬಿಳಿಜೋಳದ ಕಾಳಿನಂತೆ ಒಂದು ತುದಿ ಚೂಪಾಗಿರುವ ಮುತ್ತುಗಳೇ ಬೇಕಾಗಿದ್ದವು. ಹತ್ತಿ ದಲ್ಲಾಳಿಯೊಬ್ಬ ಹೆಂಡತಿಯ ಹಲ್ಲಿನ ಬಣ್ಣದ ಮುತ್ತು ಕೇಳಿದ್ದ, ಹೆಂಡತಿಯನ್ನು ಕರೆತಂದು ತೋರಿಸಿಯೂ ಹೋಗಿದ್ದ. ವಾಮದೇವಪ್ಪ ಯಾರಿಗೂ ಇಲ್ಲವೆಂದವನಲ್ಲ. ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿ ಬಂದು ತಂದೆಯ ಗಾದಿಯ ಮೇಲೆ ಕೂತವನು ಅವನು. ಯಾವ ಆಸೆಯನ್ನಾದರೂ ತೂಕ, ಆಕಾರ, ಬಣ್ಣ ಎಂದು ಬಿಡಿಸಿ ನೋಡಿದರೆ ಅದರಲ್ಲಿ ವಿಚಿತ್ರವೇನೂ ಉಳಿಯುವುದಿಲ್ಲ ಎಂದು ನಂಬಿದ್ದ.

ಹರಿಹರದ ಶಕುಂತಲಮ್ಮ ಕೇಳಿದ್ದು ಮಾತ್ರ ಹಾಗೆ ಬಿಡಿಸಲು ಬರಲಿಲ್ಲ.

ಆಕೆ ಹರಿಹರದ ಅಕ್ಕಿ ಮಂಡಿಯ ಮನೆಯವಳು. ಬೆಳಗಿನ ರೈಲಿಗೆ ಬಂದು, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಸೆರಗಿನ ಗಂಟು ಬಿಚ್ಚಿದಳು. ಒಳಗೆ ಹಳೆಯ ಲೋಲಾಕಿನ ಜೋಡಿ. ಒಂದರ ತುದಿಯಲ್ಲಿ ಮುತ್ತು ತೂಗುತ್ತಿತ್ತು, ಇನ್ನೊಂದರ ಕೊಂಡಿ ಬರಿದಾಗಿತ್ತು.

“ಇಂಥಾದ್ದೇ ಇನ್ನೊಂದು ಬೇಕ್ರಿ. ಎರಡನ್ನೂ ಪಕ್ಕದಾಗ ಇಟ್ರೆ ಯಾವ್ದು ಹಳೇದು, ಯಾವ್ದು ಹೊಸದು ಅಂತ ಯಾರಿಗೂ ಗೊತ್ತಾಗಬಾರ್ದು.”

“ಆಗ್ಲಿ ತಾಯಿ.”

“ಆದ್ರೆ ನನಗೆ ಗೊತ್ತಾಗಬೇಕು.”

ವಾಮದೇವಪ್ಪ ಚಿಮಟ ಕೆಳಗಿಟ್ಟ. “ಊರೋರ ಕಣ್ಣಿಗೆ ಒಂದೇ ಥರ ಕಾಣಬೇಕು, ನಿಮ್ಮ ಕಣ್ಣಿಗೆ ಮಾತ್ರ ಬೇರೆ ಬೇರೆ. ಹಂಗಾ?”

“ಹಂಗೇ. ಓದಿದೋರು, ನಿಮಗೆ ತಿಳೀತೈತೆ ಅಂತ ಬಂದೆ.”

ತಿಳಿಯಲಿಲ್ಲವೆಂದು ಅವನ ಮುಖವೇ ಹೇಳಿರಬೇಕು. ಆಕೆ ದನಿ ತಗ್ಗಿಸಿ ವಿವರಿಸಿದಳು. ಲೋಲಾಕು ತೀರಿಹೋದ ಅವ್ವ ದ್ರಾಕ್ಷಾಯಣಮ್ಮನದು. ಹೆಣ್ಣುಮಕ್ಕಳಿಬ್ಬರೂ ಒಂದೊಂದು ಮುತ್ತು ತೆಗೆದುಕೊಂಡು ನತ್ತಿಗೆ ಹಾಕಿಸಿಕೊಳ್ಳಿ ಎಂದು ಹೇಳಿ ಕಣ್ಣು ಮುಚ್ಚಿದ್ದಳು. ತಂಗಿ ನಿರ್ಮಲಮ್ಮನನ್ನು ಭಾನುವಳ್ಳಿಗೆ ಕೊಟ್ಟಿದೆ. ಪಂಚಮಿಗೆ ಬಂದಾಗ ತನ್ನ ಪಾಲು ಒಯ್ಯುವವಳಿದ್ದಾಳೆ. ಅಷ್ಟರಲ್ಲಿ ಅಕ್ಕ ಆ ಲೋಲಾಕು ಹಾಕಿಕೊಂಡು ಹೊಳೆಗೆ ಸ್ನಾನಕ್ಕೆ ಹೋಗಿ, ಒಂದು ಮುತ್ತನ್ನು ತುಂಗಭದ್ರೆಗೆ ಕೊಟ್ಟು ಬಂದಿದ್ದಳು.

“ಅವ್ವನ ಮುತ್ತು ತಂಗಿಗೆ ಹೋಗ್ಬೇಕು, ಹೊಸದು ನನಗಿರ್ಲಿ. ಕಳದೋಳು ನಾನು. ಅಕಿಗೆ ಗೊತ್ತಾಗೋದು ಬ್ಯಾಡ. ಆದ್ರೆ ಕೊಡುವಾಗ ನನ್ನ ಕೈ ತಪ್ಪಬಾರ್ದು ನೋಡ್ರಿ.”

ಈಗ ಅವನಿಗೆ ಹಾದಿ ಕಂಡಿತು. ಎರಡೂ ಮುತ್ತು ಒಂದೇ ತೆರನಾಗಿರಲಿ. ಗುರುತನ್ನು ಚಿನ್ನದ ತಂತಿಯಲ್ಲಿಟ್ಟರಾಯಿತು. ಅವ್ವನ ಮುತ್ತಿನ ನತ್ತಿಗೆ ತಂತಿಯನ್ನು ಬಲಕ್ಕೆ ಸುತ್ತುವುದು, ಹೊಸದಕ್ಕೆ ಎಡಕ್ಕೆ. ಶಕುಂತಲಮ್ಮನಿಗೆ ಸಮಾಧಾನವಾಯಿತು. ಲೋಲಾಕು ಅವನ ಬಳಿಯೇ ಬಿಟ್ಟು ಹೋದಳು.

ಹೈದರಾಬಾದಿನಿಂದ ಮುತ್ತು ಬರುವ ಹೊತ್ತಿಗೆ ಬೇಸಿಗೆ ಕಳೆದಿತ್ತು. ಆಕಾರ ಒಂದೇ, ಹಿಂಬದಿಯ ಸಣ್ಣ ತಗ್ಗು ಕೂಡ ಒಂದೇ. ರಂಧ್ರವನ್ನೂ ಹಳೆಯದರ ಅಳತೆಗೆ ಕೊರೆಸಿದ್ದ. ಬಣ್ಣವೇ ಕೂಡಲಿಲ್ಲ. ಅವ್ವನ ಮುತ್ತು ತಲೆಯೆಣ್ಣೆ, ಅರಿಸಿನ, ಬೆವರು ಕುಡಿದು ಹಳದಿಗಟ್ಟಿತ್ತು. ಹೊಸದರ ಮೇಲೆ ಹಸಿರಿನ ತೆಳು ಛಾಯೆಯಿತ್ತು. ಎರಡರ ಮೇಲ್ಪದರವೂ ಕೂದಲೆಳೆಯಷ್ಟು ಹೋದರೆ ಒಳಗಿನ ಬಿಳುಪು ಕೂಡಬಹುದು. ಅದಕ್ಕೊಂದು ಉಪಾಯವನ್ನು ಅವನ ತಂದೆ ಹೇಳಿಕೊಟ್ಟಿದ್ದರು, ಬಾಗಿಲು ಮುಚ್ಚಿ, ಮೆಲ್ಲಗೆ. ಮುತ್ತನ್ನು ಕೋಳಿಗೆ ನುಂಗಿಸುವುದು. ಕೋಳಿಯ ಹೊಟ್ಟೆಯ ಆಮ್ಲವೂ ಅಲ್ಲಿನ ಕಲ್ಲುಹರಳೂ ಸೇರಿ ಮಂಕಾದ ಪದರವನ್ನು ತಿಕ್ಕಿ ತೆಗೆಯುತ್ತವೆ. ತಡವಾದರೆ ಮುತ್ತೇ ಕರಗೀತು. ಆದ್ದರಿಂದ ಅದೇ ಸಂಜೆ ಕೋಳಿ ಕೊಯ್ಯಬೇಕು.

ವಾಮದೇವಪ್ಪನ ಮನೆಯಲ್ಲಿ ಕೋಳಿಯ ಹೆಸರನ್ನೂ ಎತ್ತುವಂತಿರಲಿಲ್ಲ. ಲಿಂಗಪೂಜೆ ಆಗದೆ ನೀರು ಮುಟ್ಟದ ಮನೆ. ಶಕುಂತಲಮ್ಮನದೂ ಅಂಥದೇ. ಅವನು ತನಗೆ ತಾನೇ ತರ್ಕ ಹೇಳಿಕೊಂಡ: ಮುತ್ತು ಹುಟ್ಟಿದ್ದೂ ಒಂದು ಜೀವದ ಮಾಂಸದೊಳಗೇ ಅಲ್ಲವೇ? ಅಲ್ಲದೆ ಕೋಳಿಯೊಳಗಿನದೇನೂ ಮುತ್ತಿಗೆ ಸೇರುವುದಿಲ್ಲ, ಮುತ್ತಿನದೇ ಒಂದಿಷ್ಟು ಕೋಳಿಗೆ ಸೇರುತ್ತದೆ. ತರ್ಕ ಸರಿಯಾಗಿತ್ತು. ಮನಸ್ಸು ಒಪ್ಪಿತೆಂದು ಹೇಳಲಾಗದು.

ಮಸೀದಿ ಹಿಂದಿನ ಓಣಿಯ ಅಮೀನಾಬೀ ಅವನ ತಂದೆಯ ಕಾಲದಿಂದಲೂ ಈ ಕೆಲಸ ಮಾಡಿಕೊಡುತ್ತಿದ್ದವಳು. ವಾಮದೇವಪ್ಪ ಒಂದು ಕರಿ ಕೋಳಿ, ಒಂದು ಕೆಂಪು ಕೋಳಿ ಆರಿಸಿದ. ತನ್ನ ಕಣ್ಣೆದುರೇ ಅವ್ವನ ಮುತ್ತನ್ನು ಕರಿ ಕೋಳಿಗೆ, ಹೊಸದನ್ನು ಕೆಂಪು ಕೋಳಿಗೆ ನುಂಗಿಸಿದ. ಎರಡು ಬಟ್ಟಲುಗಳನ್ನು ಕಟ್ಟೆಯ ಮೇಲಿಟ್ಟ.

“ಕರಿ ಕೋಳೀದು ತಾಮ್ರದ ಬಟ್ಟಲಿಗೆ, ಕೆಂಪುದು ಹಿತ್ತಾಳೆಗೆ. ಇನ್ನೊಂದು ಸಲ ಹೇಳ್ಲಾ?”

“ಬ್ಯಾಡ್ರಿ ಸಾವ್ಕಾರ್ರೆ. ಮಗ್ಗಿ ಆದಂಗಾತು,” ಎಂದಳು ಅಮೀನಾಬೀ.

ಸಂಜೆ ಕೊಯ್ಯುವ ಹೊತ್ತಿಗೆ ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಓಣಿಯ ತುದಿಗೆ ಹೋಗಿ, ಬೆನ್ನು ತಿರುಗಿಸಿ, ಹತ್ತಿ ಗಿರಣಿಯ ಹೊಗೆ ಕೊಳವೆ ನೋಡುತ್ತ ನಿಂತ. ಕರೆ ಬಂದಾಗ ಒಳಗೆ ಹೋದ. ಕಟ್ಟೆಯ ಮೇಲೆ ಎರಡೂ ಬಟ್ಟಲು ಬರಿದಾಗಿದ್ದವು. ಅಮೀನಾಬೀಯ ಅಂಗೈಯಲ್ಲಿ ಎರಡೂ ಮುತ್ತು ಒಟ್ಟಿಗೇ ಹೊಳೆಯುತ್ತಿದ್ದವು.

“ಕರೀದು ಯಾವ್ದು?”

“ಅದನ್ನ ನಿಮ್ಮನ್ನೇ ಕೇಳಾಣ ಅಂತ ಕರದೆ. ನನ್ನ ಗಂಡ ಎರಡನ್ನೂ ಕೊಯ್ದು, ಬಿಸಿನೀರಿಗೆ ಅದ್ದಿ, ಪುಕ್ಕ ಕಿತ್ತು ತಂದಿಟ್ಟ. ಪುಕ್ಕ ಹೋದ್ ಮ್ಯಾಲೆ ಕರೀದು ಯಾವ್ದು, ಕೆಂಪು ಯಾವ್ದು?”

“ಚರ್ಮದ ಬಣ್ಣ ಬೇರೆ ಇರಲ್ವಾ?”

ಅಮೀನಾಬೀ ಅವನನ್ನು ಕನಿಕರದಿಂದ ನೋಡಿದಳು. “ನೀವು ಕೋಳಿ ತಿನ್ನೋದಿರ್ಲಿ, ಸರಿಯಾಗಿ ನೋಡೂ ಇಲ್ಲ ಬಿಡ್ರಿ. ಒಂದರ ಕಾಲಿಗೆ ದಾರ ಕಟ್ಟು ಅಂದಿದ್ರೆ ಕಟ್ತಿದ್ದೆ.”

ಕಾಲಿಗೆ ದಾರ. ಅದು ಅವನಿಗೆ ಹೊಳೆದಿರಲೇ ಇಲ್ಲ. ಅವನ ಲೆಕ್ಕದಲ್ಲಿ ಕರಿ ಕೋಳಿಯೆಂದರೆ ಒಳಗೂ ಹೊರಗೂ ಕರಿ ಕೋಳಿ.

ಆಮೇಲಿನ ದಿನಗಳಲ್ಲಿ ಅವನು ಮುತ್ತುಗಳನ್ನು ತೂಗಿದ, ಮಸೂರದಡಿ ಹೊರಳಿಸಿದ, ಬಿಸಿಲಿಗೆ ಹಿಡಿದ, ರಂಧ್ರದೊಳಗೆ ಇಣುಕಿದ. ಹಳೆಯ ಮುತ್ತಿಗೆ ಹಳೆಯ ಗುಣವೇನಾದರೂ ಉಳಿದಿರಬೇಕೆಂದು ಹುಡುಕಿದ. ಒಂದು ಬೆಳಿಗ್ಗೆ ಎಡಗಡೆಯದೇ ಹಳೆಯದೆಂದು ಖಂಡಿತವಾಗಿ ಅನ್ನಿಸಿತು. ಚಾ ಕುಡಿದು ಬಂದು ನೋಡಿದರೆ ಎಡಗಡೆ ಯಾವುದನ್ನಿಟ್ಟಿದ್ದೆ ಎಂಬುದೇ ನೆನಪಾಗಲಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಮಾಡುವುದರಲ್ಲಿ ಅವನು ಪೂರಾ ಗೆದ್ದಿದ್ದ.

ಪಂಚಮಿಯ ಹಿಂದಿನ ದಿನ ಎರಡನ್ನೂ ವಿಭೂತಿಯಿಂದ ತಿಕ್ಕಿ, ನೀರಲ್ಲಿ ತೊಳೆದು, ಹರಿಹರದ ರೈಲು ಹತ್ತಿದ. ಒಂದನ್ನು ತೋರಿಸಿ ಇದೇ ಅವ್ವನದು ಎಂದುಬಿಡಬಹುದಿತ್ತು. ನಿಜವೇ ಆಗಿಬಿಡುವ ಸಂಭವ ಅರ್ಧದಷ್ಟಿದೆ. ಅರ್ಧ ನಿಜವಾಗಬಹುದಾದ ಮಾತು ಪೂರ್ತಿ ಸುಳ್ಳೇ? ನಿಲ್ದಾಣ ಬಂದರೂ ಅದು ತೀರ್ಮಾನವಾಗಲಿಲ್ಲ.

ಬಾಗಿಲು ತೆಗೆದವಳು ತಂಗಿ ನಿರ್ಮಲಮ್ಮ. “ಮುತ್ತಿನ ವಾಮದೇವಪ್ಪಾರಾ? ನತ್ತು ತರ್ತೀರಿ ಅಂತ ಅಕ್ಕ ಹೇಳಿದ್ಲು. ಬರ್ರಿ, ಕೂಡ್ರಿ. ಅಕ್ಕ ಉಂಡೆ ಕಟ್ತಾ ಇದಾಳೆ,” ಎಂದು ನೀರು ತರಲು ಹಿತ್ತಲಿಗೆ ಹೋದಳು.

ಶಕುಂತಲಮ್ಮ ಎಳ್ಳು ಬೆಲ್ಲದ ಕೈಯಲ್ಲೇ ಹೊರಗೆ ಬಂದು, ಪೊಟ್ಟಣದಲ್ಲಿ ಬಿಡಿಯಾಗಿದ್ದ ಮುತ್ತುಗಳನ್ನು ನೋಡಿ ಮೆಲ್ಲಗೆ ಕೇಳಿದಳು. “ಎಷ್ಟು ಚೆಂದ ಕೂಡ್ಯಾವೆ. ಯಾವ್ದು?”

“ಗೊತ್ತಿಲ್ಲ ತಾಯಿ. ಅದಲು ಬದಲಾಗ್ಯಾವೆ.”

ಆಕೆ ತಮಾಷೆಯೆಂದುಕೊಂಡಳು. ಅವನ ಮುಖ ನೋಡಿದ ಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಬೇರೇರಿಗೆ ಗೊತ್ತಾಗಬಾರ್ದು ಅಂದೆ. ನಿಮಗೂ ಗೊತ್ತಾಗಬಾರ್ದು ಅಂದಿರ್ಲಿಲ್ಲ. ಎಲ್ಲಿ ಬದಲಾದ್ವು?”

“ತಿಕ್ಕಿಸೋ ಕಡೆ.”

“ಬೇರೆ ಬೇರೆ ಇಟ್ಟಿರ್ಲಿಲ್ವಾ?”

“ಇಟ್ಟಿದ್ದೆ,” ಎಂದ. ಎಲ್ಲಿ ಎಂದು ಕೇಳಿದ್ದರೆ ಅವನ ಗತಿ ಏನಾಗುತ್ತಿತ್ತೋ. ಆಕೆ ಕೇಳಲಿಲ್ಲ.

“ಸುಮ್ನೆ ಒಂದು ತೋರ್ಸಿದ್ರೆ ನಂಬಿಬಿಡ್ತಿದ್ದೆನಲ್ರಿ. ನಾಳೆ ಅಕಿ ಕೈಯಾಗೆ ಏನಂತ ಕೊಡ್ಲಿ?”

ಅಷ್ಟರಲ್ಲಿ ನಿರ್ಮಲಮ್ಮ ನೀರಿನ ತಂಬಿಗೆ ಹಿಡಿದು ಬಂದಳು. ಅಕ್ಕನ ಕಣ್ಣು ತುಂಬಿದ್ದನ್ನು ನೋಡಿ ವಾಮದೇವಪ್ಪನ ಕಡೆ ತಿರುಗಿದಳು, ಅವನೇ ಏನೋ ಮಾಡಿದನೆಂಬಂತೆ. ಒಂದರ್ಥದಲ್ಲಿ ಅದು ನಿಜವೂ ಆಗಿತ್ತು. ಶಕುಂತಲಮ್ಮನಿಗೆ ಇನ್ನು ಮುಚ್ಚಿಡಲು ದಾರಿಯಿರಲಿಲ್ಲ. ಹೊಳೆ, ಬರಿದಾದ ಕೊಂಡಿ, ದಾವಣಗೆರೆ, ಎಲ್ಲವನ್ನೂ ಹೇಳಿದಳು.

ನಿರ್ಮಲಮ್ಮ ಎರಡೂ ಮುತ್ತನ್ನು ಅಂಗೈಯಲ್ಲಿ ತೆಗೆದುಕೊಂಡಳು. “ಅವ್ವನ ತಲೆಯೆಣ್ಣೆ ವಾಸನೆ ಇರ್ತಿತ್ತು,” ಎಂದು ಒಂದೊಂದನ್ನೇ ಮೂಗಿನ ಹತ್ತಿರ ಹಿಡಿದಳು. ವಾಮದೇವಪ್ಪ ಉಸಿರು ಬಿಗಿಹಿಡಿದ.

“ವಿಭೂತಿ ವಾಸನೆ,” ಎಂದಳು. “ಎರಡಕ್ಕೂ.”

ಉಸಿರು ಬಿಟ್ಟ.

“ಅಕ್ಕಾ, ಹೊಳ್ಯಾಗ ಹೋತು ಅಂತ ಅವತ್ತೇ ಹೇಳಿದ್ರೆ ನಾನೇನು ಮಾಡ್ತಿದ್ದೆ? ಬೈತಿದ್ದೆ. ಬೈದು ಊಟ ಮಾಡ್ತಿದ್ದೆ. ಇದಕ್ಯಾಕ ಈ ಪುಣ್ಯಾತ್ಮನ ತಲಿ ಕೆಡ್ಸಿದಿ?”

“ನಿನಗೆ ಅವ್ವಂದೇ ಸಿಗ್ಲಿ ಅಂತ.”

“ನೀನು ಅವ್ವನ ಮುತ್ತಿಲ್ದ ಕೂತಿರ್ತಿದ್ಯಾ?” ನಿರ್ಮಲಮ್ಮ ಒಂದನ್ನು ಅಕ್ಕನ ಕೈಗಿಟ್ಟಳು. “ಈ ವರ್ಷ ಇದು ನಿನಗೆ, ಅದು ನನಗೆ. ಬರೋ ಪಂಚಮಿಗೆ ಅದು ನಿನಗೆ, ಇದು ನನಗೆ. ಯಾವ್ದಾದ್ರೂ ಇರ್ಲಿ, ವರ್ಷ ಬಿಟ್ಟು ವರ್ಷ ಅವ್ವ ಬರ್ತಾಳೆ.”

ವಾಮದೇವಪ್ಪ ಅಲ್ಲೇ ಕೂತು ಎರಡು ನತ್ತು ಕಟ್ಟಿಕೊಟ್ಟ. ತಂತಿಯನ್ನು ಎರಡಕ್ಕೂ ಬಲಕ್ಕೇ ಸುತ್ತಿದ.

ಮರುವರ್ಷ ಪಂಚಮಿಗೆ ಅಕ್ಕತಂಗಿಯರಿಬ್ಬರೂ ಅಂಗಡಿಗೇ ಬಂದರು. ನತ್ತಿನ ಅಳತೆ ಒಬ್ಬೊಬ್ಬರದು ಒಂದೊಂದು, ಮುತ್ತು ಮಾತ್ರ ಬಿಚ್ಚಿ ಬದಲಿಸಬೇಕು. “ಈ ಸಲನಾದ್ರೂ ಬೇರೆ ಬೇರೆ ಇಡ್ರಿ,” ಎಂದು ನಿರ್ಮಲಮ್ಮ ನಕ್ಕಳು. ಅವನು ಅದೇ ಬಟ್ಟಲುಗಳನ್ನು ತೆಗೆದ. ಅಕ್ಕನದನ್ನು ತಾಮ್ರದ್ದಕ್ಕೆ ಹಾಕಿದ, ತಂಗಿಯದನ್ನು ಹಿತ್ತಾಳೆಯದಕ್ಕೆ. ಇಬ್ಬರೂ ಭಾನುವಳ್ಳಿಯ ಕಾಲುವೆ ನೀರಿನ ವಿಷಯ ಮಾತಾಡುತ್ತಿದ್ದರು. ಅವನೂ ನಡುವೆ ಒಂದು ಮಾತು ಸೇರಿಸಿದ. ಮುತ್ತು ಕೂಡಿಸಿ ಕೊಟ್ಟ.

ಮೆಟ್ಟಿಲಿಳಿಯುತ್ತ ನಿರ್ಮಲಮ್ಮ ಮೂಗು ಮುಟ್ಟಿಕೊಂಡು ಕೇಳಿದಳು. “ಈಗ ನನ್ನ ಹತ್ರ ಇರೋದು ಅವ್ವಂದಾ?”

“ಹೋದ ವರ್ಷ ಅಲ್ಲ ಅಂದ್ರೆ ಈ ವರ್ಷ ಹೌದು,” ಎಂದ ವಾಮದೇವಪ್ಪ.

ಅವಳು ತಲೆದೂಗಿ ಅಕ್ಕನ ಕೈ ಹಿಡಿದುಕೊಂಡು ಹೋದಳು. ಅವನು ಬರಿದಾದ ಬಟ್ಟಲುಗಳನ್ನು ಒರೆಸಲು ಎತ್ತಿಕೊಂಡ. ತಾಮ್ರದ್ದರಲ್ಲಿ ಅಕ್ಕನದು ಇತ್ತು. ಅದನ್ನು ತಂಗಿಯ ನತ್ತಿಗೆ ಕೂಡಿಸಿದೆ. ಕಾಲುವೆಯ ಮಾತು ಬಂದಾಗ ಕೈಯಲ್ಲಿದ್ದದ್ದು ತಾಮ್ರದ ಬಟ್ಟಲಿನದೇ. ಅದೇ ಇರಬೇಕು. ಅವನು ಬಾಗಿಲವರೆಗೆ ಬಂದ. ಚೌಕಿಪೇಟೆಯ ಜನರ ನಡುವೆ ಇಬ್ಬರೂ ಆಗಲೇ ದೂರ ಹೋಗಿದ್ದರು. ಅಷ್ಟು ದೂರದಿಂದ ಅಕ್ಕ ಯಾರು, ತಂಗಿ ಯಾರು ಎಂದು ಹೇಳುವುದೂ ಕಷ್ಟವಾಗಿತ್ತು.