ಉಂಡೆ ನಿಂತ ಜಾಗ

ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ಈ ಕತೆಯಲ್ಲಿ ಕೂಗಾಡುವವಳು ನಾನೇ.

ಮರದ ಸಾಮಾನಿಗೆ ಅರಗಿನ ಪಾಲಿಶ್ ಹಾಕುವುದು ನನ್ನ ಕಸುಬು. ಯಂತ್ರದಲ್ಲಿ ಚಿಮ್ಮಿಸುವ ಪಾಲಿಶ್ ಅಲ್ಲ, ಕೈಯಲ್ಲಿ ಉಜ್ಜಿ ಉಜ್ಜಿ ಏರಿಸುವುದು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗನ್ನು ಹತ್ತಿಗೆ ಕುಡಿಸಿ, ಹಳೇ ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಉಂಡೆ ಕಟ್ಟಿ, ಹಲಗೆಯ ಮೇಲೆ ಸುತ್ತು ಸುತ್ತಾಗಿ ಆಡಿಸುತ್ತಾ ಹೋಗಬೇಕು. ಕಟ್ಟಳೆ ಒಂದೇ: ಹಲಗೆಯ ಮೇಲೆ ಉಂಡೆ ನಿಲ್ಲಬಾರದು. ಒಂದು ಅಂಚಿನಿಂದ ಜಾರಿಕೊಂಡು ಬರಬೇಕು, ಇನ್ನೊಂದು ಅಂಚಿನಿಂದ ಜಾರಿಕೊಂಡು ಹೋಗಬೇಕು. ಸುಸ್ತಾಗಲಿ, ಸೀನು ಬರಲಿ, ಮನೆಗೇ ಬೆಂಕಿ ಬೀಳಲಿ, ನಿಲ್ಲುವುದು ಅಂಚು ದಾಟಿದ ಮೇಲೆ. ನಡುವೆ ಅರೆಕ್ಷಣ ನಿಂತಿತೋ, ಹಸಿ ಅರಗು ಬಟ್ಟೆಗೆ ಕಚ್ಚಿಕೊಂಡು ಮೇಲೇಳುತ್ತದೆ, ಉಂಡೆಯಗಲದ ಕಲೆ ಉಳಿಯುತ್ತದೆ.

ನನ್ನ ಅಣ್ಣನ ಮಗ ಬಂದು ಸೇರಿದ್ದು ಇಂಥ ಕೆಲಸಕ್ಕೆ. ಚಿಕ್ಕಂದಿನಲ್ಲಿ ಅವನು ಒಂದು ಕಡೆ ಕುಂಡಿ ಊರಿ ಕೂತವನಲ್ಲ. ಬುಗುರಿ ಅಂತ ಹೆಸರಿಟ್ಟವಳೂ ನಾನೇ, ಇಪ್ಪತ್ತೆರಡು ತುಂಬಿದರೂ ಅದೇ ಹೆಸರು. ಫೋನಿನಲ್ಲಿ ಬಣ್ಣದ ಚಕ್ರ ತಿರುಗಿಸಿ ಹಣ ಕಟ್ಟುವ ಆಟವೊಂದು ಅವನನ್ನು ಎರಡು ವರ್ಷ ನುಂಗಿ ಹಾಕಿತ್ತು. ಓದು ಹೋಯಿತು, ಗೆಳೆಯರು ಹೋದರು, ಕೊನೆಗೆ ಅವನ ಅಜ್ಜಿಗೆ, ಅಂದರೆ ನನ್ನ ಅಮ್ಮನಿಗೆ, ಕಿವಿಯ ಯಂತ್ರ ತರಲೆಂದು ಕೂಡಿಟ್ಟಿದ್ದೂ ಹೋಯಿತು. "ಹೋಗ್ಲಿ ಬಿಡ್ರೋ, ನಿಮ್ಮ ಜಗಳ ಕೇಳಿಸ್ಕೊಂಡು ನನಗೇನಾಗಬೇಕು" ಎಂದು ಅಮ್ಮ ನಕ್ಕುಬಿಟ್ಟಳು. ಅಪ್ಪನ ಏಟಿಗೆ ಅಳದವನು ಆ ನಗು ಕೇಳಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

ಅಣ್ಣ ಫೋನು ಕಿತ್ತುಕೊಂಡ. ಇವನು ಅಜ್ಜಿಯ ಫೋನಿನಲ್ಲಿ ಆಡಿದ. ಆಗ ಅಣ್ಣ ಅವನ ಫೋನನ್ನು ವಾಪಸು ಎಸೆದು, ದೂರದ ಊರಿನಲ್ಲಿ ತನ್ನ ಸ್ನೇಹಿತನ ಗೋದಾಮಿದೆ, ಫೋನಿಲ್ಲ, ಹೊರಗೆ ಬಿಡುವುದಿಲ್ಲ, ಅಲ್ಲಿಗೆ ಕಳಿಸುತ್ತೇನೆ ಎಂದ. ಮಾರನೆಯ ಬೆಳಿಗ್ಗೆ ಬುಗುರಿ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ.

"ಅತ್ತೆ, ನನ್ನ ಕೈಗೇನಾದ್ರೂ ಕೆಲಸ ಕೊಡು. ಕಟ್ಟಿಹಾಕಿದ್ರೆ ಬಿಚ್ಚಿದ ದಿನ ಮತ್ತೆ ಹೋಗ್ತೀನಿ, ನನಗ್ಗೊತ್ತು."

ಸುಮ್ಮನೆ ಬಂದವನಲ್ಲ. ಆಟದ ಖಾತೆಯನ್ನು ತಾನೇ ಮುಚ್ಚಿಸಿದ್ದ. ಅಂಥ ಕಡೆಗೆ ತನ್ನ ಹಣ ಹೋಗದಂತೆ ಬ್ಯಾಂಕಿಗೆ ಹೇಳಿ ತಡೆ ಹಾಕಿಸಿದ್ದ. ಆಸ್ಪತ್ರೆಯಲ್ಲಿ ಸಲಹೆ ಕೊಡುವ ಒಬ್ಬಾಕೆಯ ಹತ್ತಿರ ವಾರ ವಾರ ಹೋಗಿ ಕೂರುತ್ತಿದ್ದ. ಆದರೂ ಹೊಸ ಹೊಸ ನಂಬರುಗಳಿಂದ ಸಂದೇಶ ಬರುವುದು ನಿಂತಿರಲಿಲ್ಲ: ನಿಮಗಾಗಿ ಒಂದು ಉಚಿತ ಸುತ್ತು ಕಾದಿದೆ. ಅದನ್ನು ಕಳಿಸುವವರು ನನ್ನ ಕೈಗೆ ಸಿಗಬೇಕಿತ್ತು!

ಹೊಸಬರಿಗೆ ನಾನು ಕೊಡುವುದು ನಿಂಬೆಹಣ್ಣಿನ ಗಾತ್ರದ ಉಂಡೆ. ನನ್ನದು ಅದರ ಎರಡರಷ್ಟಿದೆ. ಆ ಪುಟ್ಟ ಉಂಡೆಯಲ್ಲಿ ಬುಗುರಿ ಒಂದು ಹಳೇ ಕಪಾಟಿನ ಬಾಗಿಲನ್ನು ಅಭ್ಯಾಸಕ್ಕೆಂದು ಉಜ್ಜಿದ. ಸಂಜೆ ನೋಡಿದರೆ ಬಾಗಿಲ ತುಂಬ ಕಲೆ.

"ಇದೇನೋ, ಹಲಗೆಗೆ ಸಿಡುಬು ಎದ್ದಿದೆ?" ಎಂದೆ.

ಅವನು ನಗಲಿಲ್ಲ. "ಫೋನ್ ಗುಂಯ್ ಅಂದಾಗೆಲ್ಲ ಆಗಿದ್ದು. ಒಂದು ಸಲಾನೂ ತೆಗೆದು ನೋಡಿಲ್ಲ ಅತ್ತೆ, ನಿನ್ನಾಣೆ. ಆದ್ರೆ ಕೈ ನಿಂತ್ಬಿಡುತ್ತೆ. ನಾನು ಬೇಡ ಅನ್ನೋಷ್ಟರಲ್ಲಿ ಅದು ನಿಂತಾಗಿರುತ್ತೆ."

"ಆ ದರಿದ್ರವನ್ನ ತಗೊಂಡು ಮೋರಿಗೆ ಬಿಸಾಕು."

"ಲೋಕದ ತುಂಬ ಫೋನಿದೆ, ಎಷ್ಟೂ ಅಂತ ಬಿಸಾಕ್ಲಿ? ಜೇಬಲ್ಲೇ ಇರ್ಲಿ. ಅದು ಎಷ್ಟು ಬೇಕಾದ್ರೂ ಕೂಗ್ಲಿ, ನನ್ನ ಕೈ ನಿಲ್ಲಬಾರ್ದು."

ಹಟಮಾರಿ. ಅದೊಂದು ನಮ್ಮ ಮನೆತನದಿಂದಲೇ ಬಂದದ್ದು. ಅಂದಿನಿಂದ ಫೋನು ಗುಂಯ್ ಎಂದಾಗಲೆಲ್ಲ ಹಲ್ಲು ಕಚ್ಚಿ "ಅಂಚು, ಅಂಚು" ಎಂದು ಗೊಣಗುತ್ತಾ ಉಂಡೆಯನ್ನು ಹಲಗೆಯಾಚೆಗೆ ಸಾಗಿಸುವುದನ್ನು ಕಲಿತ. ಆಚೆ ಹೋದ ಮೇಲೆ ಅಂಗೈಯನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದ. ಆಮೇಲೆ ಮತ್ತೆ ಈ ಅಂಚಿನಿಂದ ಶುರು. ಕಲೆಗಳು ಕಡಿಮೆಯಾದವು. ಒಂದು ದಿನ ಒಂದೂ ಕಾಣಲಿಲ್ಲ. ನಾನು ಹೊಗಳಲಿಲ್ಲ, ಹೊಗಳುವುದು ನನಗೆ ಬರುವುದೂ ಇಲ್ಲ. ಅವನ ಲೋಟಕ್ಕೆ ಇನ್ನೊಂದಿಷ್ಟು ಚಹಾ ಬಗ್ಗಿಸಿದೆ.

ಅಷ್ಟರಲ್ಲಿ ಗ್ರಂಥಾಲಯದ ಓದುವ ಮೇಜು ಬಂತು. ಹದಿನಾರು ಜನ ಕೂರುವಷ್ಟು ಉದ್ದ. ಅದನ್ನು ನೋಡಲು ಬಂದ ಅಣ್ಣ, ಮಗನ ಮುಖವನ್ನು ನೋಡದೆ ನನಗೆ ಹೇಳಿದ: "ಈ ಮೇಜು ಮುಗಿಯೋವರೆಗೆ ಕಾಯ್ತೀನಿ. ಅಷ್ಟರೊಳಗೆ ಇವನು ಜಾರಿದ್ರೆ ಗೋದಾಮಿಗೆ. ಜಾರಿದಾನೋ ಇಲ್ವೋ ಅಂತ ನನಗೆ ಹೇಗೆ ಗೊತ್ತಾಗಬೇಕು ಹೇಳು?"

ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? "ಆ ಮೇಜೇ ಹೇಳುತ್ತೆ. ಅದರ ಮೇಲೆ ಒಂದು ಕಲೆ ಕಂಡ್ರೂ ನಾನೇ ಇವನ ಚೀಲ ತುಂಬಿ ಕೊಡ್ತೀನಿ" ಎಂದುಬಿಟ್ಟೆ. ಬುಗುರಿ ನನ್ನ ಕಡೆ ನೋಡಿ, "ಸರಿ" ಎಂದ.

ಕೊನೆಯ ಲೇಪದ ದಿನ ಅವನು ನನಗಿಂತ ಮುಂಚೆ ಬಂದು ಕಿಟಕಿ ಗಾಜು ಒರೆಸಿ, ನೆಲಕ್ಕೆ ನೀರು ಚಿಮುಕಿಸಿ ಧೂಳು ಕೂರಿಸಿದ್ದ. ಅಷ್ಟುದ್ದದ ಮೇಜಿಗೆ ಒಬ್ಬರ ಕೈ ಸಾಲದು. ಅವನು ಕಿಟಕಿಯ ಕಡೆಯ ಅರ್ಧ, ನಾನು ಬಾಗಿಲ ಕಡೆಯ ಅರ್ಧ. ಬೆಳಿಗ್ಗೆಯಿಂದ ಉಜ್ಜಿದೆವು. ಸಂಜೆ ಅಣ್ಣ ಬರುವವನಿದ್ದ.

ಮಧ್ಯಾಹ್ನದ ಹೊತ್ತಿಗೆ ಅವನ ಜೇಬು ಗುಂಯ್ ಎಂದಿತು. ಅವನ ಕತ್ತಿನ ನರ ಉಬ್ಬಿತು. "ಅಂಚು" ಎಂದ. ಉಂಡೆ ಸುತ್ತುತ್ತಾ ಸುತ್ತುತ್ತಾ ನಿಧಾನಕ್ಕೆ ಆಚೆ ಜಾರಿತು. ಜೇಬಿನ ಕಡೆ ಕೈ ಹೋಗಲಿಲ್ಲ. ಆಮೇಲೂ ಅದು ಬಿಡದೆ ಗುಂಯ್‌ಗುಟ್ಟುತ್ತಲೇ ಇತ್ತು. ಅವನು ಮೇಜಿಗೆ ಬೆನ್ನು ಹಾಕಿ, ಉಸಿರು ಎಳೆದುಕೊಂಡು, ತಿರುಗಿ ಬಂದು ಉಜ್ಜಿದ. ನನಗೂ ಉಸಿರು ಬಂತು.

ಕೆಲಸ ಮುಗಿಸಿ ಕೈ ತೊಳೆದು ಬರುವಷ್ಟರಲ್ಲಿ ಕಿಟಕಿಯಿಂದ ಇಳಿಬಿಸಿಲು ಮೇಜಿನ ಮೇಲೆ ಓರೆಯಾಗಿ ಬಿದ್ದಿತ್ತು. ಅಂಥ ಬೆಳಕಿನೆದುರು ಏನೂ ಬಚ್ಚಿಡಲು ಆಗುವುದಿಲ್ಲ. ಮೇಜಿನ ನಡುವಿಗೆ ಹತ್ತಿರ, ಕಲೆ.

"ನಿಲ್ಲಿಸ್ಬಿಟ್ಯಲ್ಲೋ!" ನನ್ನ ಕೂಗು ಬೀದಿಗೆ ಕೇಳಿಸಿರಬೇಕು. "ಇಷ್ಟು ದಿನ ತಡೆದವನಿಗೆ ಇವತ್ತೊಂದು ದಿನ ಆಗಲಿಲ್ವೇನೋ? ನನ್ನ ಮುಖಕ್ಕೆ ಮಸಿ ಬಳಿದ್ಯಲ್ಲೋ, ಅವಿವೇಕಿ!"

ಹೊಸ್ತಿಲಲ್ಲಿ ಅಣ್ಣ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಅವನ ಕೈಯಲ್ಲಿ ಮಗನ ಬಟ್ಟೆಯ ಚೀಲವಿತ್ತು. ಏನೂ ಕೇಳಲಿಲ್ಲ, "ನಡಿ" ಎಂದ.

ಬುಗುರಿ ನಡೆಯಲಿಲ್ಲ. ಕಲೆಯ ಮೇಲೆ ಬಗ್ಗಿ ನೋಡುತ್ತಿದ್ದ. ಆಮೇಲೆ ತಟ್ಟೆಯಿಂದ ತನ್ನ ಪುಟ್ಟ ಉಂಡೆಯನ್ನು ಎತ್ತಿಕೊಂಡು, ಮೇಜಿಗೆ ತಾಗಿಸದೆ ಕಲೆಯ ಮೇಲೆ ಹಿಡಿದ. ಕಲೆ ಸುತ್ತಲೂ ಹೊರಗೆ ಉಳಿಯಿತು. ಅದನ್ನಿಟ್ಟು ನನ್ನ ಉಂಡೆಯನ್ನು ತಂದು ಹಿಡಿದ. ಕಲೆ ಅದರಡಿಯಲ್ಲಿ ಪೂರಾ ಮುಚ್ಚಿಹೋಯಿತು, ಕೂದಲೆಳೆಯಷ್ಟೂ ಆಚೆ ಈಚೆ ಇಲ್ಲ.

"ಅತ್ತೆ," ಎಂದ ಮೆಲ್ಲಗೆ, "ಇದು ನಿನ್ನ ಅರ್ಧ."

ನಾನು ನಾಲಿಗೆ ಕಚ್ಚಿಕೊಂಡೆ. ಮಧ್ಯಾಹ್ನದ್ದು ಈಗ ಕಣ್ಣಿಗೆ ಕಟ್ಟಿತು. ಅವನ ಜೇಬು ಗುಂಯ್ ಎಂದಾಗ ಅವನ ಕೈ ಆಡುತ್ತಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಆ ಜೇಬನ್ನೇ ನೋಡುತ್ತಾ ನಿಂತವಳು ನಾನು. ಎಂಥ ನಾಚಿಕೆ! ಇಷ್ಟು ವರ್ಷ ಈ ಕಸುಬು ಮಾಡಿದವಳು.

"ಅಣ್ಣ, ಚೀಲ ಇಳಿಸು," ಎಂದೆ. "ಇವನ ಕೈ ನಿಲ್ಲಲಿಲ್ಲ. ನಿಂತಿದ್ದು ನನ್ನದು. ಇವನು ಜಾರೇ ಜಾರ್ತಾನೆ ಅಂತ ನೋಡ್ತಾ ನಿಂತಿದ್ದೆ. ಬೈದಿದ್ದು ನನ್ನ ತಪ್ಪು ಕಣೋ ಬುಗುರಿ, ದೊಡ್ಡ ತಪ್ಪು."

ಅಣ್ಣ ಚೀಲ ಇಳಿಸಲಿಲ್ಲ. "ಫೋನು ತೆಗಿ" ಎಂದ.

ಬುಗುರಿ ಫೋನು ತೆಗೆದ. ಅಣ್ಣ ಕೈ ಚಾಚಿದ, ಇವನು ಕೊಡಲಿಲ್ಲ. "ನಾನೇ ನೋಡ್ತೀನಪ್ಪ, ನಿಮ್ಮೆದುರಿಗೇ" ಎಂದು ಪರದೆಯನ್ನು ನಮ್ಮ ಕಡೆ ತಿರುಗಿಸಿ ಹಿಡಿದ. ಒಂದು ಉಚಿತ ಸುತ್ತು. ಅದರ ಕೆಳಗೆ ಅಜ್ಜಿಯ ಕರೆಗಳು, ಒಂದರ ಹಿಂದೊಂದು. ಚಕ್ರದ ಸಂದೇಶದ ಮೇಲೆ ಅವನ ಹೆಬ್ಬೆರಳು ಒಂದು ಗಳಿಗೆ ಸುಳಿದಾಡಿತು. ಆಮೇಲೆ ಅದನ್ನು ಅಳಿಸಿ, ಆ ನಂಬರನ್ನೂ ತಡೆದು, ಅಜ್ಜಿಗೆ ಕರೆ ಹಚ್ಚಿದ.

"ಮೇಜು ಮುಗೀತೇನೋ?" ಅಮ್ಮನ ದನಿ ಅಂಗಡಿಗೆಲ್ಲ ಕೇಳಿಸಿತು. ಕಿವಿ ಕೇಳದವರು ಮೆಲ್ಲಗೆ ಮಾತಾಡುವುದುಂಟೇ?

"ಇಲ್ಲ ಅಜ್ಜಿ. ಒಂದು ಕಲೆ ಬಿದ್ದಿದೆ. ಒಣಗಿದ ಮೇಲೆ ಅದನ್ನ ಉಜ್ಜಿ ತೆಗೆದು ಮತ್ತೆ ಏರಿಸ್ಬೇಕು."

"ಆಂ? ಏನಂದೆ? ಕೇಳಿಸ್ತಿಲ್ಲ ಕಣೋ ಮಗ."

ಬುಗುರಿಯ ಮುಖ ಚಿಕ್ಕದಾಯಿತು. ಯಾಕೆ ಕೇಳಿಸುತ್ತಿಲ್ಲ ಎಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನೇ ಮಾತಾಡುತ್ತೇನೆಂದು ಕೈ ಮುಂದೆ ಮಾಡಿದೆ. ಅವನು ತಲೆಯಾಡಿಸಿ, ಎದೆ ತುಂಬ ಉಸಿರು ತೆಗೆದುಕೊಂಡು, ಬೀದಿಯಲ್ಲಿ ಹೋಗುವವರು ತಿರುಗಿ ನೋಡುವಂತೆ ಕೂಗಿದ:

"ಮುಗಿದಿಲ್ಲ ಅಜ್ಜಿ! ನಾಳೆನೂ ಇದೆ! ನಾಳಿದ್ದೂ ಇದೆ! ನಿನಗೆ ಕೇಳಿಸೋ ಹಾಗೆ ಮಾಡೋವರೆಗೂ ನಾನು ಕೆಲಸ ಬಿಡಲ್ಲ!"

"ಕೇಳಿಸ್ತು," ಎಂದಳು ಅಮ್ಮ. "ಅದಕ್ಯಾಕೆ ಹಾಗೆ ಕಿರುಚ್ತೀಯ?"

ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಅಣ್ಣ ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ತಗುಲಿಹಾಕಿದ. ಮೇಜಿನ ಹತ್ತಿರ ಬಂದು ಆ ಕಲೆಯನ್ನು ಮುಟ್ಟದೆ ನೋಡಿದ. ಬೆಳಿಗ್ಗೆ ಎಷ್ಟು ಹೊತ್ತಿಗೆ ಶುರು ಮಾಡುತ್ತೀರಿ ಎಂದು ಕೇಳಿದ. ಕೇಳಿದ್ದು ನನ್ನನ್ನಲ್ಲ, ಬುಗುರಿಯನ್ನು.