ಬೆನ್ನುಹುರಿಗೊಂದು ಹಂದರ

ತೀರಿಹೋದವನ ಮೈಯ ಗುಟ್ಟನ್ನು ಹೇಳಹೊರಟದ್ದಕ್ಕೆ ಕ್ಷಮೆಯಿರಲಿ. ಹೇಳಬಹುದೋ ಬಾರದೋ ಎಂಬ ಅಳುಕು ಇನ್ನೂ ಹೋಗಿಲ್ಲ.

ವಿಲಾಸಿನಿ ಬಿಳಿ ಪಂಚೆಯ ಅಂಚನ್ನು ಹಲ್ಲಿನಲ್ಲಿ ಕಚ್ಚಿ ಹರಿಯುತ್ತಿದ್ದಳು. ಗಂಡ ಪುಷ್ಕರನ್‌ನ ಕಾಲಿನ ಹೆಬ್ಬೆರಳುಗಳನ್ನು ಜೋಡಿಸಿ ಕಟ್ಟಬೇಕಿತ್ತು. ಹಿತ್ತಲಲ್ಲಿ ಚಿತೆಗೆಂದು ಮಾವಿನ ಮರಕ್ಕೆ ಕೊಡಲಿಯೇಟು ಬೀಳುತ್ತಿತ್ತು.

"ಅವನಷ್ಟು ಬೇಗ ಮರ ಹತ್ತೋರು ಇರ್ಲಿಲ್ಲ," ಎಂದ ಅವನ ಜತೆಗೆ ಕಳ್ಳು ಇಳಿಸುತ್ತಿದ್ದ ದಿವಾಕರನ್. "ಇಳಿಯೋದ್ರಲ್ಲೂ ತಾನೇ ಮುಂದು ಅಂತ ತೋರಿಸ್ಬೇಕಾ ಬಡ್ಡೀಮಗ?" ಯಾರೋ ನಕ್ಕು, ಕೂಡಲೇ ಕೆಮ್ಮಿದರು.

ಪುಷ್ಕರನ್‌ನ ಅಕ್ಕ ಭಾರ್ಗವಿ ತಲೆಯ ಬಳಿಯ ದೀಪಕ್ಕೆ ಎಣ್ಣೆ ಹೊಯ್ದಳು. "ಆ ಡಾಕ್ಟರಮ್ಮ ಬೆನ್ನೊಳಗೆ ಆ ಹಂದರಾನ ಇಟ್ಟಿದ್ರೆ ಎದ್ದು ಓಡಾಡ್ತಿದ್ನೋ ಏನೋ. ಯಾಕೆ ಬೇಡ ಅಂದ್ರೋ."

ವಿಲಾಸಿನಿ ಹರಿದ ಅಂಚಿನ ನೂಲು ಕಿತ್ತಳು.

*

ಅವನು ಮರದಿಂದ ಬಿದ್ದ ಹೊಸತು. ತಿರುವನಂತಪುರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಸಣ್ಣ ಸಣ್ಣ ಕೊಳವೆಗಳ ಮೆತ್ತನೆಯ ತುಂಡೊಂದನ್ನು ತೋರಿಸಿದ್ದರು. ಕಡಿದ ಬೆನ್ನುಹುರಿಯ ನಡುವೆ ಇಟ್ಟರೆ, ಹಂದರಕ್ಕೆ ಬಳ್ಳಿ ಹಬ್ಬಿದಂತೆ ನರ ಹಬ್ಬಬಹುದಂತೆ. ಆಮೇಲೆ ಹಂದರ ತಾನೇ ಕರಗುತ್ತದಂತೆ. ಇನ್ನೂ ಪ್ರಯೋಗ, ಭರವಸೆ ಕೊಡಲಾರೆ ಎಂದಿದ್ದರು.

ತೆಂಗಿನ ಮರಕ್ಕೆ ಸಿಪ್ಪೆ ಕಟ್ಟಿ, ಅದರ ಮೇಲೆ ಕಾಲಿಟ್ಟು ಹತ್ತುತ್ತಿದ್ದವನು ಪುಷ್ಕರನ್. "ನರ ಹತ್ತೋಕೂ ಸಿಪ್ಪೆ ಕಟ್ಟಿಕೊಡ್ತಾರೆ ನೋಡೇ," ಎಂದಿದ್ದ.

ಸೊಂಟದ ಕೆಳಗೆ ಸ್ಪರ್ಶ ಪೂರ್ತಿ ಹೋದವರಿಗೆ ಮಾತ್ರ ಅದು. ಚೂರು ಉಳಿದಿದ್ದರೂ ಕೊಯ್ಯುವಾಗ ಅದೂ ಹೋಗಬಹುದು. ಅವನ ಕಣ್ಣು ಮುಚ್ಚಿಸಿ ಕಾಲಿನ ಹೆಬ್ಬೆರಳಿಗೆ ಸೂಜಿ ತಾಗಿಸಿದರು. ಪ್ರತಿ ಸಲವೂ ಅವನು "ಹೂಂ" ಎಂದ. ಸ್ವಲ್ಪ ಉಳಿದಿದೆ, ಒಳ್ಳೆಯದೇ ಆಯಿತು ಎಂದು ಡಾಕ್ಟರಮ್ಮ ಕಳಿಸಿಕೊಟ್ಟರು. ವಿಲಾಸಿನಿಯೂ ಹಿಗ್ಗಿದ್ದಳು.

ಮನೆಯಲ್ಲಿ ಅವನ ಮೈ ಒರೆಸುವಾಗ ಅವಳಿಗೆ ಥಟ್ಟನೆ ಹೊಳೆಯಿತು. ಅಂದು ತನ್ನ ಕೈ ಅವನ ಭುಜದ ಮೇಲಿತ್ತು. ಸೂಜಿ ತಾಗಿದಾಗಲೆಲ್ಲ ತನ್ನ ಬೆರಳುಗಳು ತಾವಾಗಿ ಆ ಭುಜವನ್ನು ಬಿಗಿದಿದ್ದವು.

"ಇನ್ನೊಂದ್ಸಲ ಹೋಗೋಣ. ನಾನು ಹೊರಗೇ ನಿಲ್ತೀನಿ."

ಅವನು ಅವಳ ಮುಖವನ್ನೇ ನೋಡಿದ. "ಬೇಡ. ನಂಗೆ ಗೊತ್ತಾಗಿತ್ತು ಕಣೇ."

ಅಂದಿನಿಂದ ದಿನಾ ಬೆಳಿಗ್ಗೆ ಅವಳು ಹೆಬ್ಬೆರಳು ಚಿವುಟುವಳು. ಅವನು ಅವಳ ಮುಖ ನೋಡಿ "ಹೂಂ" ಎನ್ನುವನು. ಕಾಲುಗಳು ಸೊರಗಿದವು, ಮಲಗಿದ್ದಲ್ಲೇ ಬೆನ್ನಿಗಾದ ಹುಣ್ಣು ಎಲುಬಿಗಿಳಿಯಿತು. ಹೂಂಗುಟ್ಟುವುದು ಮಾತ್ರ ನಿಲ್ಲಲಿಲ್ಲ.

*

"ಬೇಗ ಕಟ್ಟು ವಿಲಾಸಿನೀ, ಮರ ಉರುಳ್ತು," ಎಂದಳು ಭಾರ್ಗವಿ.

ಅವನಿಗೆ ಅಂದು ಗೊತ್ತಾದದ್ದು ಸೂಜಿಯೋ, ಅವಳ ಕೈಯೋ, ಯಾರಿಗೂ ತಿಳಿಯದು. ವಿಲಾಸಿನಿ ಬಟ್ಟೆ ಸುತ್ತಿದಳು. ಗಂಟು ಬಿಗಿಯುವ ಮುನ್ನ ಹೆಬ್ಬೆರಳನ್ನು ಚಿವುಟಿ, ಅವನ ಮುಖವನ್ನೇ ನೋಡುತ್ತ ಕಾದಳು.

ಉಗುರಿನ ಗುರುತು ಹಾಗೇ ಉಳಿಯಿತು.