ಲಿಪೀನಿಯವರು

2007ರ ನವೆಂಬರ್ 15, ಗುರುವಾರ, ಬೆಳಿಗ್ಗೆ 7 ಗಂಟೆ 42 ನಿಮಿಷ. ನಿನ್ನೆ ಸಂಜೆಯೂ ಲಿಪೀನಿಯಲ್ಲಿ ದೀಪ ಹೊತ್ತಿರಲಿಲ್ಲ.

ಮಹಾಬಲೇಶ್ವರ ಇನ್ನೂ ಕೋಟು ಬಿಚ್ಚಿರಲಿಲ್ಲ. ಕುರ್ಚಿಯ ತುದಿಯಲ್ಲಿ ಕೂತು ಪರದೆಯ ಮೇಲಿನ ಅಂಕಣವನ್ನು ಮೇಲಿನಿಂದ ಕೆಳಕ್ಕೆ ಮತ್ತೊಮ್ಮೆ ಓದಿದ. ಹದಿನೈದು ನಿಮಿಷಕ್ಕೊಂದು ಅಂಕಿ, ದಿನಕ್ಕೆ ತೊಂಬತ್ತಾರು. ಸಂಜೆ ನಾಲ್ಕರ ಆಸುಪಾಸಿನಲ್ಲಿ 0.2 ಕಿಲೋವ್ಯಾಟ್ ಇದ್ದದ್ದು 0.5 ಆಗಬೇಕಿತ್ತು. ಸೋಮವಾರ ಆಗಿರಲಿಲ್ಲ. ಮಂಗಳವಾರವೂ ಇಲ್ಲ. ಈಗ ಬುಧವಾರವೂ ಇಲ್ಲ.

ಮೊದಲೆರಡು ದಿನ ಅವನು ಯಂತ್ರವನ್ನು ಸಂಶಯಿಸಿದ್ದ. ಅದು ಸರಿಯಾದ ಕ್ರಮ. ಮೀಟರು ಕೆಟ್ಟಿರಬಹುದು, ತಂತಿ ಹರಿದಿರಬಹುದು. ಆದರೆ 0.2 ತಪ್ಪದೆ ಬರುತ್ತಿತ್ತು. ಅದು ಟ್ರಾನ್ಸ್‌ಫಾರ್ಮರು ತನ್ನ ಪಾಡಿಗೆ ತಾನು ತಿನ್ನುವ ಪಾಲು, ಯಾರು ಬಳಸಲಿ ಬಿಡಲಿ. ಅಂದರೆ ಮೀಟರು ಸರಿಯಿದೆ, ಊರಿಗೆ ಕರೆಂಟು ಹೋಗುತ್ತಿದೆ. ಹಚ್ಚುವವರಿಲ್ಲ.

ಅವನು ಸ್ವೀಡನ್ನಿನ ವೆಸ್ಟೆರಾಸ್‌ಗೆ ಬಂದು ನಾಲ್ಕು ವರ್ಷವಾಗಿತ್ತು. ಕಂಪನಿಗೆ ಪೋಲೆಂಡಿನ ಪೂರ್ವದ ಅಂಚಿನ ಒಂದು ಗ್ಮಿನಾದ ವಿದ್ಯುತ್ ಜಾಲವನ್ನು ಮುಂದಿನ ಇಪ್ಪತ್ತು ವರ್ಷಗಳಿಗೆ ಲೆಕ್ಕಹಾಕಿ ಕೊಡುವ ಕೆಲಸ ಸಿಕ್ಕಿತ್ತು. ಗ್ಮಿನಾ ಎಂದರೆ ನಮ್ಮ ಹೋಬಳಿಯಂಥದು. ಅದಕ್ಕೊಂದು ಕಚೇರಿ, ಒಂದು ಇಗರ್ಜಿ, ಒಂದು ಶಾಲೆ, ಸುತ್ತ ಮೂವತ್ತೊಂದು ಹಳ್ಳಿ. ಒಂದನ್ನೂ ಅವನು ಕಂಡಿರಲಿಲ್ಲ. ಆದರೆ ಯಾವ ಹಳ್ಳಿಯಲ್ಲಿ ಬೆಳಿಗ್ಗೆ ಐದಕ್ಕೆ ಹಾಲು ತಣಿಸುವ ಯಂತ್ರಗಳು ಶುರುವಾಗುತ್ತವೆ, ಯಾವುದರಲ್ಲಿ ಭಾನುವಾರ ಹತ್ತಕ್ಕೆ ಇಡೀ ಊರು ಪೂಜೆಗೆ ಹೋಗಿ ಬಳಕೆ ದಿಢೀರನೆ ಇಳಿಯುತ್ತದೆ, ಯಾವುದರಲ್ಲಿ ಫುಟ್‌ಬಾಲ್ ಮ್ಯಾಚಿನ ಮಧ್ಯಂತರಕ್ಕೆ ಎಲ್ಲರೂ ಒಟ್ಟಿಗೇ ಚಹಾಕ್ಕೆ ನೀರಿಡುತ್ತಾರೆ ಎಂಬುದೆಲ್ಲ ಅವನಿಗೆ ಗೊತ್ತಿತ್ತು.

ಲಿಪೀನಿ ಕೊನೆಯದು. ಕಾಡಿನೊಳಗೆ ನಾಲ್ಕು ಕಿಲೋಮೀಟರ್ ಒಂಟಿ ತಂತಿಸಾಲು, ಅದರ ತುದಿಗೆ ಒಂದು ಟ್ರಾನ್ಸ್‌ಫಾರ್ಮರು. ಗ್ಮಿನಾದವರು ಕಳಿಸಿದ ಪಟ್ಟಿಯಲ್ಲಿ ಉಳಿದ ಹಳ್ಳಿಗಳ ಎದುರು 212, 87, 34 ಎಂದು ಜನಸಂಖ್ಯೆಯಿತ್ತು. ಲಿಪೀನಿಯ ಎದುರು ಒಂದು ಗೀಟು. ಸೊನ್ನೆಯಲ್ಲ, ಗೀಟು. ಎಣಿಸಿಲ್ಲವೆಂದು ಅವನು ಓದಿಕೊಂಡ.

ಫೆಬ್ರವರಿಯಲ್ಲಿ ಮೀಟರು ಕೂರಿಸಿದ ಮೊದಲ ವಾರವೇ ಆ ಏರಿಕೆಯನ್ನು ಗಮನಿಸಿದ್ದ. ಮುಸ್ಸಂಜೆಗೆ ಸರಿಯಾಗಿ ಅಲ್ಲಿ ಯಾರೋ ದೀಪ ಹಚ್ಚುತ್ತಿದ್ದರು. ಫೆಬ್ರವರಿಯಲ್ಲಿ ಐದಕ್ಕೆ, ಜೂನಿನಲ್ಲಿ ಒಂಬತ್ತೂವರೆಗೆ. ಒಂದು ದಿನವೂ ಮರೆತಿರಲಿಲ್ಲ. ಬೆಳಗಾಗುವವರೆಗೆ ಆರಿಸುತ್ತಿರಲಿಲ್ಲ, ಒಂಟಿಯಾಗಿರುವವರು ದೀಪ ಉಳಿಸಿಕೊಂಡೇ ಮಲಗುತ್ತಾರೆ. ಹಗಲು ಏನೂ ಬಳಸುತ್ತಿರಲಿಲ್ಲ. ಸೌದೆ ಒಲೆ ಇರಬೇಕು, ನೆಲಮಾಳಿಗೆ ತಂಪಾಗಿರಬೇಕು. ವಿವರಣೆಗಳು ಸುಲಭವಾಗಿ ಸಿಗುತ್ತಿದ್ದವು. ಅಷ್ಟು ಸುಲಭದ ವಿವರಣೆಗಳನ್ನು ಬೇರೆಯವರ ವರದಿಯಲ್ಲಿ ಕಂಡಿದ್ದರೆ ಅವನು ಕೆಂಪು ಗೆರೆ ಎಳೆಯುತ್ತಿದ್ದ.

ಗಂಡೋ ಹೆಣ್ಣೋ ನಿರ್ಧರಿಸಿರಲಿಲ್ಲ. ಮನಸ್ಸಿನೊಳಗೆ 'ಲಿಪೀನಿಯವರು' ಎನ್ನುತ್ತಿದ್ದ. ನಮ್ಮ ಕಡೆ ಜನರನ್ನು ಊರಿನ ಹೆಸರಿನಿಂದಲೇ ಕರೆಯುವುದುಂಟಲ್ಲ, ಹಾಗೆ.

ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. ಕಾಳಿ ನದಿಯ ಅಣೆಕಟ್ಟಿನ ಕ್ಯಾಂಪಿನಲ್ಲಿ, ಸಿಮೆಂಟ್ ಶೀಟಿನ ಸಾಲುಮನೆಯಲ್ಲಿ ಹುಟ್ಟಿದವನು. ಅಪ್ಪ ಪಂಪ್ ಆಪರೇಟರ್. ಕೆಲಸ ಮುಗಿದೊಡನೆ ಶೀಟುಗಳಿಗೆ ಬಣ್ಣದಲ್ಲಿ ನಂಬರು ಹಾಕಿ, ಬಿಚ್ಚಿ, ಲಾರಿಗೆ ಹೇರಿ ಮುಂದಿನ ಕ್ಯಾಂಪಿಗೆ ಒಯ್ಯುತ್ತಿದ್ದರು. ಹೀಗೆ ನಾಲ್ಕು ಕ್ಯಾಂಪು, ನಾಲ್ಕು ಶಾಲೆ. ಸ್ಟಾಕ್‌ಹೋಮಿನ ಯುಗಾದಿಯ ಊಟದಲ್ಲಿ ಎಲೆಯ ಮುಂದೆ ಕೂತೊಡನೆ ಪಕ್ಕದವರು ಕೇಳುವ ಮೊದಲ ಪ್ರಶ್ನೆ, "ನಿಮ್ಮೂರು ಯಾವ್ದು?" ಅವನು "ಕಾರವಾರದ ಕಡೆ" ಎನ್ನುತ್ತಿದ್ದ. 'ಕಡೆ' ಎಂಬ ಮಾತಿಗೆ ಯಾವ ಅಕ್ಷಾಂಶ ರೇಖಾಂಶವೂ ಇಲ್ಲ.

ಲಿಪೀನಿಗೆ ಇತ್ತು. ಅವನಿಗೆ ಅದು ದಶಮಾಂಶದ ನಾಲ್ಕನೆಯ ಸ್ಥಾನದವರೆಗೂ ಬಾಯಿಪಾಠ.

"ಎಂತ ಮಾರಾಯ, ಕೋಟು ಹಾಕ್ಕೊಂಡೇ ಕೂತಿದ್ದಿ?" ಎಂದ ರಾಯ್ಸ್ಟನ್. ಮಂಗಳೂರಿನವನು, ಪಕ್ಕದ ಮೇಜು. ಕೈಯಲ್ಲಿ ಎರಡು ಕಪ್ಪು ಕಾಫಿ. "ಪೋಲೆಂಡಿಗೆ ಹೊರಟಿದ್ದಾ?"

"ಮೂರು ದಿನದಿಂದ ದೀಪ ಹಚ್ಚಿಲ್ಲ."

"ಯಾರು?"

"ಅವ್ರು."

"ಓ, ನಿನ್ನ ಆ ಸೆಟಪ್ಪು." ರಾಯ್ಸ್ಟನ್ ಮೇಜಿನ ಅಂಚಿಗೆ ಕೂತ. "ಮಗಳ ಮನೆಗೆ ಹೋಗಿರ್ಬಹುದು. ಮನುಷ್ಯರಲ್ವಾ?"

"ಒಂಬತ್ತು ತಿಂಗಳಲ್ಲಿ ಒಂದು ದಿನಾನೂ ಎಲ್ಲೂ ಹೋಗಿಲ್ಲ."

"ಅದನ್ನೂ ಬರೆದಿಟ್ಟಿದ್ದಿ." ಕಾಫಿಯನ್ನು ಅವನತ್ತ ಸರಿಸಿದ. "ನಿನ್ನ ಮನೇಲಿ ನಿವೇದಿತಾ ಎಷ್ಟು ಗಂಟೆಗೆ ಲೈಟ್ ಹಾಕ್ತಾರೆ, ಗೊತ್ತುಂಟಾ ನಿಂಗೆ?"

ಮಹಾಬಲೇಶ್ವರ ನಕ್ಕ. ಗೊತ್ತಿರಲಿಲ್ಲ.

ಎಂಟೂವರೆಗೆ ಪೋಲೆಂಡಿನ ಜಿಲ್ಲಾ ಕಚೇರಿಯ ಮಾರೆಕ್‌ಗೆ ಫೋನು ಮಾಡಿದ. ಆ ಗ್ಮಿನಾದ ತಂತಿಗಳೆಲ್ಲ ಮಾರೆಕ್‌ನ ಸುಪರ್ದಿಯಲ್ಲಿದ್ದವು. ಎತ್ತಲಿಲ್ಲ. ಮೇಲ್ ಬರೆದ: *ಲಿಪೀನಿಗೆ ಇವತ್ತೇ ಯಾರನ್ನಾದರೂ ಕಳಿಸಿ. ತುರ್ತು.* ಏಕೆ ಎಂದು ಬರೆಯಲು ಹೋಗಿ, ಮೂರು ಸಲ ಅಳಿಸಿ, ಏಕೆ ಎನ್ನುವುದನ್ನು ಬಿಟ್ಟು ಕಳಿಸಿದ.

ಒಂಬತ್ತಕ್ಕೆ ನಿವೇದಿತಾ ಫೋನು ಮಾಡಿದಳು.

"ರೀ, ಮೂರೂಕಾಲಿಗೆ ಡಾಗಿಸ್‌ನಲ್ಲಿ ಮೀಟಿಂಗು. ನೆನಪಿದೆ ತಾನೆ?"

"ಇದೆ."

"ಇಬ್ರೂ ಬರ್ಲೇಬೇಕಂತೆ. ಹೋದ್ಸಲ ನಾನೊಬ್ಳೇ ಹೋಗಿದ್ದಕ್ಕೆ ಆ ಟೀಚರ್ರು ಎರಡನೇ ಕುರ್ಚೀನ ನೋಡ್ಕೊಂಡೇ ಮಾತಾಡಿದ್ರು."

"ಬರ್ತೀನಿ."

"ಏನ್ ಯೋಚ್ನೆ?"

"ಏನಿಲ್ಲ."

"ಏನಿಲ್ಲ ಅನ್ನೋವಾಗ ನಿಮ್ ದನಿ ಬೇರೇನೇ ಆಗತ್ತೆ."

"ಲೈನ್ ಸರಿ ಇಲ್ಲ ಅನ್ಸತ್ತೆ."

ಲೈನು ಚೆನ್ನಾಗಿಯೇ ಇತ್ತು. ಹಿನ್ನೆಲೆಯಲ್ಲಿ ಐದು ವರ್ಷದ ಮಗಳು ವರ್ಷಾ, ಡಾಗಿಸ್ ಎಂಬ ಶಿಶುವಿಹಾರಕ್ಕೆ ಹೊರಡುತ್ತ, ಬೂಟಿನ ಬಗ್ಗೆ ಸ್ವೀಡಿಷ್‌ನಲ್ಲಿ ತಕರಾರು ಮಾಡುತ್ತಿದ್ದದ್ದು ಒಂದೊಂದು ಅಕ್ಷರವೂ ಕೇಳುತ್ತಿತ್ತು. ಎಲ್ಲವೂ ಅರ್ಥವಾಗಲಿಲ್ಲ, ಅಷ್ಟೆ.

ಒಂಬತ್ತೂವರೆಯ ಫೀಕಾಕ್ಕೆ, ಅಂದರೆ ಕಾಫಿ ವಿರಾಮಕ್ಕೆ, ಎಲ್ಲರೂ ಎದ್ದು ಹೋದರು. ಅವನು ಡ್ರಾಯರಿನಿಂದ ಒಂದು ಲಕೋಟೆ ತೆಗೆದು, ನೋಡಿ, ಹಾಗೇ ಇಟ್ಟ. ಡಿಸೆಂಬರ್ 21ಕ್ಕೆ ಪೋಲೆಂಡು ಷೆಂಗೆನ್‌ಗೆ ಸೇರುತ್ತದೆ. ಆಮೇಲೆ ಸ್ವೀಡನ್ನಿನ ವಾಸದ ಪರವಾನಗಿ ಇರುವ ಅವನಂಥವರು ಬೇರೆ ವೀಸಾ ಇಲ್ಲದೆ ಹೋಗಬಹುದು. ಲಕೋಟೆಯಲ್ಲಿದ್ದದ್ದು 22ರ ಹಡಗಿನ ಟಿಕೆಟು, ನಿನೆಸ್‌ಹಾಮ್ನ್‌ನಿಂದ ಗ್ದಾನ್ಸ್ಕ್‌ಗೆ. ಒಂದೇ ಟಿಕೆಟು. ಮನೆಯಲ್ಲಿ ಹೇಳಿರಲಿಲ್ಲ. ಹೇಳಲು ಏನಿತ್ತು? ಕಾಡಿನ ದಾರಿ ಹಿಡಿದು ನಡೆದು, ಮರಗಳ ನಡುವೆ ನಿಂತು, ಸಂಜೆ ನಾಲ್ಕಕ್ಕೆ ಒಂದು ಕಿಟಕಿ ಬೆಳಗುವುದನ್ನು ನೋಡಿ ಬರುವುದು. ಬಾಗಿಲು ತಟ್ಟುವ ಯೋಚನೆಯೂ ಇರಲಿಲ್ಲ. ಆಮೇಲೆ ಯಾರಾದರೂ ಊರು ಯಾವುದೆಂದು ಕೇಳಿದಾಗ ಅವನ ಕಣ್ಣಮುಂದೆ ಏನಾದರೊಂದು ಬರುತ್ತಿತ್ತು.

ಈಗ ಅಲ್ಲಿ ಯಾರೋ ನೆಲದ ಮೇಲೆ ಬಿದ್ದಿದ್ದಾರೆ. ಮೂರು ದಿನದಿಂದ. ಜಗತ್ತಿನಲ್ಲಿ ಅದು ಗೊತ್ತಿರುವವನು ತಾನೊಬ್ಬನೇ.

ಹನ್ನೊಂದೂವರೆಗೆ ಮತ್ತೆ ಫೋನು ಮಾಡಿದ. ಮಾರೆಕ್ ಹೊರಗೆ ಹೋಗಿದ್ದಾನೆ ಎಂದು ಹೆಂಗಸೊಬ್ಬಳು ಪೋಲಿಷ್‌ನಲ್ಲಿ ಹೇಳಿದಳೆಂದು ಊಹಿಸಿದ. ಊಟಕ್ಕೆ ಹೋಗಲಿಲ್ಲ. ಎರಡೂಮುಕ್ಕಾಲಿಗೆ ಎದ್ದು ಕೋಟಿಗೆ ಕೈ ತೂರಿಸಿದ. ಆಗ ಫೋನು ಬಂತು.

"ಮಿಸ್ಟರ್ ಮಹಾ," ಎಂದ ಮಾರೆಕ್ ಇಂಗ್ಲಿಷಿನಲ್ಲಿ. "ಏನು ತುರ್ತು? ಮೀಟರು ಕೆಟ್ಟಿದೆಯೆ?"

"ಮೀಟರು ಸರಿಯಿದೆ. ಯಾರಾದರೂ ಹೋಗಿ ನೋಡಬೇಕು."

"ಏನನ್ನು?"

"ಅಲ್ಲಿರುವವರನ್ನು. ಸೋಮವಾರದಿಂದ ದೀಪ ಹಚ್ಚಿಲ್ಲ. ಡಾಕ್ಟರನ್ನು ಕರೆದುಕೊಂಡೇ ಹೋದರೆ ಒಳ್ಳೆಯದು."

ಆ ಕಡೆ ಯಾವುದೋ ವಾಹನದ ಎಂಜಿನ್ನು ನಿಂತ ಸದ್ದಾಯಿತು.

"ಮಿಸ್ಟರ್ ಮಹಾ, ಅಲ್ಲಿ ಯಾರಿದ್ದಾರೆ?"

ಗೋಡೆ ಗಡಿಯಾರದಲ್ಲಿ ಎರಡು ಐವತ್ತೊಂದು. ಡಾಗಿಸ್‌ಗೆ ಬಸ್ಸಿನಲ್ಲಿ ಹದಿನೆಂಟು ನಿಮಿಷ.

"ಒಬ್ಬರು," ಎಂದ.

"ಯಾರೂ ಇಲ್ಲ. ಕೊನೆಯ ಮನೆಯವರು ತೊಂಬತ್ತೆಂಟರಲ್ಲೇ ಹೋದರು. ಮನೆಗಳ ಹಲಗೆಯನ್ನೂ ಕಿತ್ತುಕೊಂಡು ಹೋಗಿದ್ದಾರೆ. ಅದು ಬೀದಿದೀಪ. ಎರಡಿವೆ. ಒಂದು ಶಿಲುಬೆಯ ಹತ್ತಿರ, ಒಂದು ಬಸ್‌ಸ್ಟಾಪಿನ ಹತ್ತಿರ. ಬಸ್ಸು ಬರುವುದಿಲ್ಲ. ಕತ್ತಲಾದರೆ ಅವು ತಾವೇ ಹೊತ್ತುತ್ತವೆ."

"ಮತ್ತೆ ಇಷ್ಟು ದಿನ?"

"ತೆಗೆಯಬೇಕು ಅಂತ ಗ್ಮಿನಾದ ಸಭೆಯಲ್ಲಿ ಯಾರೂ ಎತ್ತಿರಲಿಲ್ಲ. ಈಗ ಎತ್ತಿದರು. ಸೋಮವಾರ ನಾನೇ ಹೋಗಿ ಫ್ಯೂಸ್ ತೆಗೆದೆ."

ಮಹಾಬಲೇಶ್ವರ ನಿಂತೇ ಪರದೆಯ ಮೇಲೆ ಲಿಪೀನಿಯ ಸಾಲನ್ನು ತೆರೆದ.

"ನಿಮ್ಮ ಲೆಕ್ಕದಲ್ಲಿ ಅದನ್ನು ಗೃಹಬಳಕೆ, ಒಂದು ಮನೆ ಅಂತ ಬರೆದಿದ್ದೀರಿ. ಮಾರ್ಚಿನಲ್ಲೇ ನೋಡಿದ್ದೆ. ವರ್ಷಕ್ಕೆ ಶೇಕಡಾ ಒಂದೂವರೆ ಬೆಳವಣಿಗೆಯನ್ನೂ ಕೊಟ್ಟಿದ್ದೀರಿ." ಮಾರೆಕ್‌ಗೆ ನಗು ತಡೆಯಲಾಗಲಿಲ್ಲ, ಆದರೆ ಅದರಲ್ಲಿ ಕೆಡುಕಿರಲಿಲ್ಲ. "ಇಂಡಿಯಾದ ಪದ್ಧತಿ ಇರಬೇಕು ಅಂದುಕೊಂಡೆ. ಖಾಲಿ ಊರಿಗೂ ಒಬ್ಬರನ್ನು ಇಟ್ಟು ಲೆಕ್ಕ ಮಾಡುವುದು."

"ಹೌದು," ಎಂದ ಮಹಾಬಲೇಶ್ವರ. "ಅದೊಂದು ಪದ್ಧತಿ."

"ಆ ಸಾಲನ್ನು ತೆಗೆದುಬಿಡಿ. ಕಂಬ ಕೀಳಿಸುತ್ತೇವೆ."

"ಅಲ್ಲಿ ಬೇರೆ ಏನಾದರೂ ಇದೆಯೆ? ನೋಡುವಂಥದು?"

"ಸೇಬಿನ ಮರಗಳಿವೆ. ಹುಳಿ." ಮಾರೆಕ್ ಎಂಜಿನ್ ಶುರುಮಾಡಿದ.

ರಾಯ್ಸ್ಟನ್ ಕುರ್ಚಿಯನ್ನು ಇತ್ತ ತಿರುಗಿಸಿದ್ದ. "ಎಂತಾಯ್ತು? ಹೋಗಿಬಿಟ್ರಾ?"

"ಇಲ್ಲ. ಯಾರೂ ಸತ್ತಿಲ್ಲ."

"ಮತ್ತೆಂತ! ಖುಷಿಪಡು ಮಾರಾಯ. ಮುಖ ಯಾಕೆ ಶವಪೆಟ್ಟಿಗೆ ಮಾರುವವನ ಹಾಗೆ?"

ಮಹಾಬಲೇಶ್ವರ ಕೂತ. ಖುಷಿಪಡಬೇಕಾದದ್ದೇ. ನೆಲದ ಮೇಲೆ ಬಿದ್ದವರು ಎದ್ದರು, ಎದ್ದವರು ಹಾಗೇ ಇಲ್ಲವಾದರು. ಸತ್ತಿದ್ದರೆ ದುಃಖವನ್ನಾದರೂ ಪಡಬಹುದಿತ್ತು. ಎಂದೂ ಇರದವರಿಗೆ ಏನು ಪಡುವುದು? ನಕಾಶೆಯಲ್ಲಿ ಆ ಸಾಲನ್ನು ಆರಿಸಿ, ಅಳಿಸಿ, ಲೆಕ್ಕವನ್ನು ಮತ್ತೆ ಓಡಿಸಿದ. ಮೂವತ್ತು ಹಳ್ಳಿಗಳ ಜಾಲ ಮೊದಲಿಗಿಂತ ಬೇಗ ಸಮತೋಲಕ್ಕೆ ಬಂತು. ಮೇಜಿನ ಮೇಲೆ ಮೊಬೈಲು ಮೂರೂಕಾಲಿಗೆ ನಡುಗಿತು, ಮೂರು ಇಪ್ಪತ್ತಕ್ಕೆ ನಡುಗಿತು, ಮೂರೂವರೆಗೆ ನಡುಗಿತು. ನಾಲ್ಕರ ಹೊತ್ತಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡದ ಒಂದು ಸಂದೇಶ: *ಮುಗೀತು. ಬರೋದು ಬೇಡ.*

ಹೊರಗೆ ಕತ್ತಲಾಗಿತ್ತು. ಅಭ್ಯಾಸದಿಂದ ಅವನು ಗಡಿಯಾರ ನೋಡಿದ.

ಮನೆಯಿದ್ದದ್ದು ಮೂರನೆಯ ಮಹಡಿಯಲ್ಲಿ. ಮೆಟ್ಟಿಲು ಹತ್ತಿ ಬಂದಾಗ ಐದೂಮುಕ್ಕಾಲು. ಅವನು ಕಾಲಿಟ್ಟೊಡನೆ ಬಾಗಿಲ ಹೊರಗಿನ ದೀಪ ಹೊತ್ತಿಕೊಂಡಿತು. ಅಲುಗಾಟವನ್ನು ಕಂಡು ತಾನೇ ಹೊತ್ತುವ ದೀಪ, ಈ ಬೇಸಿಗೆಯಲ್ಲಷ್ಟೇ ಕೂರಿಸಿದ್ದು. ಕೀಲಿಕೈ ತೆಗೆದ. ಒಳಗೆ ಕುಕ್ಕರಿನ ಸೀಟಿ. ಬಸ್ಸಿನಲ್ಲಿ ಒಂದು ವಾಕ್ಯ ಸಿದ್ಧ ಮಾಡಿಕೊಂಡಿದ್ದ: ಪೋಲೆಂಡಿನಿಂದ ಫೋನು ಬಂತು. ಅದು ನಿಜವೂ ಆಗಿತ್ತು.

ಬಾಗಿಲ ಕೆಳಗಿನ ಸಂದಿಯಿಂದ ಹೊರಗಿನ ಬೆಳಕು ಒಳಗೆ ಬಿದ್ದಿರಬೇಕು.

"ಮಮ್ಮಾ! ಪಪ್ಪಾ ಕೊಮ್ಮೆರ್!" ಅಪ್ಪ ಬರ್ತಿದಾನೆ ಎಂದು ವರ್ಷಾ ಸ್ವೀಡಿಷ್‌ನಲ್ಲಿ ಕೂಗಿದಳು. ಪುಟ್ಟ ಕಾಲುಗಳು ಓಡಿಬಂದು ಬಾಗಿಲಿನ ಆಚೆ ನಿಂತವು. ಚಿಲುಕ ಅವಳಿಗೆ ಎಟುಕುವುದಿಲ್ಲ.

"ಬಂದ್ರೆ ಕೀ ಹಾಕ್ಕೊಂಡು ಬರ್ತಾರೆ. ನೀನ್ ಬಾ ಈ ಕಡೆ," ಎಂದಳು ನಿವೇದಿತಾ ಅಡುಗೆಮನೆಯಿಂದ. ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಕೀಲಿಕೈ ತಿರುಗಿಸುವುದು ಸುಲಭವಿತ್ತು.

ಅವನ ಕೈ ಬೀಗದಿಂದ ಒಂದಂಗುಲ ಈಚೆ ನಿಂತಿತ್ತು. ಒಳಗೆ ಹೋಗಬಾರದೆಂದು ಅವನು ತೀರ್ಮಾನಿಸಲಿಲ್ಲ. ಅಲುಗಾಡಲಿಲ್ಲ, ಅಷ್ಟೆ. ಹಲಗೆಯ ಆ ಬದಿಗೆ ಅವಳ ಉಸಿರು ಕೇಳುತ್ತಿತ್ತು. ತನ್ನದನ್ನು ಅವನು ಹಿಡಿದುಕೊಂಡ.

ದೀಪ ಆರಿತು.

"ನೇಯ್," ಎಂದಳು ವರ್ಷಾ. ಬೇಸರವೇನಿರಲಿಲ್ಲ, ಕಂಡದ್ದನ್ನು ಕಂಡಂತೆ ಹೇಳುವ ದನಿ. "ಇಂಗೆನ್." ಇಲ್ಲ, ಯಾರೂ ಇಲ್ಲ. ಕಾಲುಗಳು ಹಿಂದಕ್ಕೆ ಹೋದವು.

ಕತ್ತಲಲ್ಲಿ ಅವನು ಕೋಟಿನ ತೋಳು ಸರಿಸಿ ಗಡಿಯಾರ ಕಟ್ಟಿದ ಮಣಿಕಟ್ಟನ್ನು ಮೇಲೆತ್ತಿದ. ದೀಪ ಮತ್ತೆ ಹೊತ್ತಿತು. ಒಳಗೆ ಕಾಲುಗಳು ಮತ್ತೆ ಓಡಿಬಂದವು. ಅವನು ಎತ್ತಿದ ಕೈಯನ್ನು ಹಾಗೇ ಹಿಡಿದು, ಸೆಕೆಂಡಿನ ಮುಳ್ಳಿನ ಮೇಲೆ ಕಣ್ಣಿಟ್ಟು, ನಿಶ್ಚಲನಾಗಿ ನಿಂತ. ಈ ಸಲ ದೀಪ ಆರಲು ಹಿಡಿದದ್ದು ತೊಂಬತ್ತೆರಡು ಸೆಕೆಂಡು.